ಬಿದ್ದ ಮರದ ಬಳಿಗೇ ಬರುವ ಸಾಮಿಲ್

ಹಿಂದೆ ಮಲೆನಾಡಿನಲ್ಲಿ ಮನೆ ಕಟ್ಟಲು ಹೊರಟವರು ಗರಗಸದವರನ್ನು ಮರದ ಬಳಿಗೇ ಕರೆಸುತ್ತಿದ್ದರು. ಮರ ಉರುಳಿದಲ್ಲೇ ಗುಂಡಿ ತೋಡಿ, ಇಲ್ಲವೇ ಅಟ್ಟಣೆ ಕಟ್ಟಿ ದಿಮ್ಮಿಯನ್ನು ಅದರ ಮೇಲೇರಿಸುತ್ತಿದ್ದರು. ಒಬ್ಬ ಮೇಲೆ, ಇನ್ನೊಬ್ಬ ಕೆಳಗೆ ನಿಂತು ಆಳುದ್ದದ ಗರಗಸ ಎಳೆಯುತ್ತಿದ್ದರು. ಮರ ಕಾಡಿನಿಂದ ಹೊರಬರುವಾಗ ಹಲಗೆ, ತೊಲೆ, ರೀಪು ಆಗಿರುತ್ತಿತ್ತು. ಉಗಿ ಯಂತ್ರ, ಆಮೇಲೆ ಕರೆಂಟು ಬಂದ ಮೇಲೆ ಗರಗಸ ಒಂದೆಡೆ ನೆಲೆ ನಿಂತಿತು. ಮರವೇ ಲಾರಿ ಹತ್ತಿ ಅದರ ಬಳಿಗೆ ಹೋಗಬೇಕಾಯಿತು. ಕಳೆದ ನಾಲ್ಕೈದು ದಶಕಗಳಲ್ಲಿ ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಬಳಕೆಗೆ ಬಂದ ಸಂಚಾರಿ ಸಾಮಿಲ್ ಈ ಕ್ರಮವನ್ನು ಮತ್ತೆ ತಿರುಗಿಸಿದೆ. ಜೀಪಿನ ಹಿಂದೆ ಕಟ್ಟಿಕೊಂಡು ಹೋಗಬಹುದಾದ ಯಂತ್ರ ಈಗ ಬಿದ್ದ ಮರದ ಪಕ್ಕದಲ್ಲೇ ನಿಂತು ಕೊಯ್ಯುತ್ತದೆ.

ಇದಕ್ಕೆ ಸಿಗುವುದು ಹೆಚ್ಚಾಗಿ ನಾಟಾಕ್ಕೆಂದು ಯಾರೂ ಬೆಳೆಸದ ಮರ. ಗಾಳಿಗೆ ಬಿದ್ದದ್ದು, ರಸ್ತೆ ಅಗಲ ಮಾಡುವಾಗ ಕಡಿದದ್ದು, ರೋಗಕ್ಕೆ ಒಣಗಿದ್ದು, ಮನೆಯ ಮೇಲೆ ಬಿದ್ದೀತೆಂದು ತೆಗೆಸಿದ್ದು. 1987ರ ಅಕ್ಟೋಬರ್ 15ರ ರಾತ್ರಿ ದಕ್ಷಿಣ ಇಂಗ್ಲೆಂಡಿಗೆ ಅಪ್ಪಳಿಸಿದ ಬಿರುಗಾಳಿಯೊಂದೇ ಸುಮಾರು ಒಂದೂವರೆ ಕೋಟಿ ಮರಗಳನ್ನು ಉರುಳಿಸಿತು. ಅಮೆರಿಕದ ಡೆಟ್ರಾಯಿಟ್ ಬಳಿ 2002ರಲ್ಲಿ ಪತ್ತೆಯಾದ ಎಮರಾಲ್ಡ್ ಆ್ಯಷ್ ಬೋರರ್ ಎಂಬ ಏಷ್ಯಾ ಮೂಲದ ಹಸಿರು ದುಂಬಿ ಅಲ್ಲಿಂದೀಚೆಗೆ ಆ್ಯಷ್ ಮರಗಳನ್ನು ಕೋಟಿಗಟ್ಟಲೆ ಕೊಂದಿದೆ. ಆ ದುಂಬಿಯ ಮರಿಹುಳು ಮೇಯುವುದು ತೊಗಟೆಯ ಅಡಿಯ ತೆಳು ಪದರವನ್ನು. ಸತ್ತ ಹೊಸದರಲ್ಲಿ ಒಳಗಿನ ಮರ ಗಟ್ಟಿಯಾಗಿಯೇ ಇರುತ್ತದೆ. ಬೇಸ್‌ಬಾಲ್ ಬ್ಯಾಟು, ಗುದ್ದಲಿ ಕಾವು ಮಾಡುವ ಮರ ಅದು. ಮಿಷಿಗನ್ ರಾಜ್ಯದ ಆನ್ ಆರ್ಬರ್ ಸುತ್ತಮುತ್ತ ಇಂಥ ಊರಮರಗಳನ್ನು ಕೊಯ್ದು ‘ಅರ್ಬನ್‌ವುಡ್’ ಎಂಬ ಹೆಸರಿನಲ್ಲಿ ಮಾರುವ ಸಣ್ಣ ಗರಗಸದವರ ಕೂಟವೇ ಇದೆ.

ದೊಡ್ಡ ಸಾಮಿಲ್‌ಗಳು ಇಂಥ ಮರವನ್ನು ಮುಟ್ಟಲು ಹಿಂಜರಿಯುತ್ತವೆ. ಒಂದು ಮರಕ್ಕಾಗಿ ಕ್ರೇನು, ಲಾರಿ ಕಳಿಸಿದರೆ ಗಿಟ್ಟುವುದಿಲ್ಲ. ಮೂರು ಅಡಿಗಿಂತ ದಪ್ಪದ ದಿಮ್ಮಿ ಅನೇಕ ಯಂತ್ರಗಳ ಬಾಯಿಗೆ ಹಿಡಿಸುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಭಯ ಮೊಳೆಯದ್ದು. ಊರೊಳಗಿನ ಮರ ಎಂದರೆ ಬಟ್ಟೆ ಒಣಹಾಕುವ ತಂತಿಯ ಕೊಂಡಿ, ಜಾಹೀರಾತಿನ ಮೊಳೆ, ಬೇಲಿ ತಂತಿ, ದೀಪದ ಸರದ ಕ್ಲಿಪ್ಪು ಎಲ್ಲವನ್ನೂ ನುಂಗಿಕೊಂಡು ಬೆಳೆದದ್ದು. ಬೆಲೆಬಾಳುವ ಅಲಗಿನ ಹಲ್ಲು ಒಂದೇ ಮೊಳೆಗೆ ಹೋಗುತ್ತದೆ. ಆದ್ದರಿಂದ ಶತಮಾನದಷ್ಟು ಹಳೆಯ ಮರಗಳ ಪಾಡೂ ಕೊನೆಗೆ ಸೌದೆಯೇ.

ಮೂರು ಬಗೆಯ ಯಂತ್ರ

ತೀರಾ ಸರಳವಾದದ್ದು ಚೈನ್‌ಸಾ ಮಿಲ್. ದೊಡ್ಡ ಚೈನ್‌ಸಾದ ಬಾರಿಗೆ ಒಂದು ಲೋಹದ ಚೌಕಟ್ಟು ಬಿಗಿದು, ಅದನ್ನು ದಿಮ್ಮಿಯ ಉದ್ದಕ್ಕೂ ತಳ್ಳುತ್ತ ಹೋಗುವುದು ಇದರ ವಿಧಾನ. ಅಮೆರಿಕದ ಗ್ರಾನ್‌ಬರ್ಗ್ ಕಂಪನಿಯ ‘ಅಲಾಸ್ಕನ್ ಮಿಲ್’ ಇದರಲ್ಲಿ ಹೆಸರಾದದ್ದು. ಮೊದಲ ಕೊಯ್ತಕ್ಕೆ ದಿಮ್ಮಿಯ ಮೇಲೆ ಏಣಿಯನ್ನೋ ನೇರ ಹಲಗೆಯನ್ನೋ ಕೂರಿಸಿ ದಾರಿ ಮಾಡಿಕೊಳ್ಳಬೇಕು. ಆಮೇಲೆ ಕೊಯ್ದ ಮಟ್ಟಸ ಮೈಯೇ ಮುಂದಿನದಕ್ಕೆ ದಾರಿ. ಅಡ್ಡ ಕಡಿಯುವ ಚೈನಿನ ಹಲ್ಲಿನ ಕೋನ 30 ಡಿಗ್ರಿ ಆಸುಪಾಸಿನಲ್ಲಿದ್ದರೆ ಉದ್ದಕ್ಕೆ ಸೀಳುವ ಚೈನಿನದು ಸುಮಾರು 10 ಡಿಗ್ರಿ. 90 ಸಿ.ಸಿ.ಗಿಂತ ಸಣ್ಣ ಇಂಜಿನ್ನಿನಲ್ಲಿ ಮೂರಡಿ ಅಗಲದ ಗಟ್ಟಿ ಮರ ಸೀಳಹೊರಟರೆ ಯಂತ್ರಕ್ಕೂ ಮನುಷ್ಯನಿಗೂ ಸುಸ್ತೇ. ಆದರೆ ಹೆಗಲ ಮೇಲೆ ಹೊತ್ತುಕೊಂಡು ಕಣಿವೆಗೆ ಇಳಿಯಬಹುದಾದ ಸಾಮಿಲ್ ಇದೊಂದೇ.

ಎರಡನೆಯದು ಬ್ಯಾಂಡ್‌ಸಾ. ಎರಡು ಚಕ್ರಗಳ ಮೇಲೆ ಸುತ್ತುವ ತೆಳು ಪಟ್ಟಿಯ ಗರಗಸ. ಈ ಕಲ್ಪನೆಗೆ ಇಂಗ್ಲೆಂಡಿನಲ್ಲಿ 19ನೇ ಶತಮಾನದ ಆರಂಭದಲ್ಲೇ ಪೇಟೆಂಟ್ ಸಿಕ್ಕಿತ್ತು. ಮುರಿಯದಂತೆ ಬೆಸೆದ ಪಟ್ಟಿ ಸಿಗಲು ಮಾತ್ರ ಆ ಶತಮಾನದ ನಡುಭಾಗದವರೆಗೆ ಕಾಯಬೇಕಾಯಿತು. ಇಂಡಿಯಾನಾ ರಾಜ್ಯದ ವುಡ್‌ಮೈಜರ್ ಕಂಪನಿ 1982ರಲ್ಲಿ ಇದನ್ನು ಟ್ರೈಲರಿನ ಮೇಲೇರಿಸಿತು. ಇದರಲ್ಲಿ ದಿಮ್ಮಿ ಅಲುಗಾಡದೆ ಮಲಗಿರುತ್ತದೆ, ಗರಗಸದ ತಲೆ ಹಳಿಯ ಮೇಲೆ ಚಲಿಸುತ್ತದೆ. ಸಾಮಾನ್ಯವಾಗಿ ಬಳಸುವ ಪಟ್ಟಿ 32 ಮಿ.ಮೀ. ಅಗಲ, ಒಂದು ಮಿ.ಮೀ.ಗಿಂತ ತುಸು ದಪ್ಪ. ಹಲ್ಲುಗಳನ್ನು ಎಡಬಲಕ್ಕೆ ಕೊಂಚ ಬಾಗಿಸಿರುವುದರಿಂದ ಅದು ತಿನ್ನುವ ಮರ ಎರಡು, ಎರಡೂವರೆ ಮಿ.ಮೀ.

ಮೂರನೆಯದು ತಿರುಗುವ ಅಲಗಿನ ಮಿಲ್. ಇದು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಕೊಡುಗೆ. ವಿಕ್ಟೋರಿಯಾ ರಾಜ್ಯದಲ್ಲಿ 1990ರ ದಶಕದಲ್ಲಿ ತಯಾರಿಕೆ ಶುರುವಾದ ಲೂಕಸ್ ಮಿಲ್ ಇದಕ್ಕೆ ಉದಾಹರಣೆ. ವೃತ್ತಾಕಾರದ ಒಂದೇ ಅಲಗು ಮೊದಲು ನಿಂತು ಕೊಯ್ಯುತ್ತದೆ, 90 ಡಿಗ್ರಿ ತಿರುಗಿ ಮಲಗಿ ಕೊಯ್ಯುತ್ತದೆ; ಎರಡು ಕೊಯ್ತ ಸೇರಿದಲ್ಲಿ ಒಂದು ಚೌಕ ತುಂಡು ಕೈಗೆ ಬರುತ್ತದೆ. ದಿಮ್ಮಿಯನ್ನು ಎತ್ತಬೇಕಿಲ್ಲ, ಹೊರಳಿಸಬೇಕಿಲ್ಲ. ಯಂತ್ರವನ್ನೇ ಬಿಡಿಸಿ ತಂದು ದಿಮ್ಮಿಯ ಸುತ್ತ ಜೋಡಿಸಿದರಾಯಿತು. ಒಂದೂವರೆ ಮೀಟರ್ ದಪ್ಪದ ನೀಲಗಿರಿ ಜಾತಿಯ ಮರಗಳ ನಾಡಿನಲ್ಲಿ ಇಂಥದ್ದು ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ಉತ್ತರ ಹಲಗೆಯ ದಪ್ಪದಲ್ಲಿದೆ. 90 ಸೆಂ.ಮೀ. ದಪ್ಪದ ದಿಮ್ಮಿಯನ್ನು 27 ಮಿ.ಮೀ. ಹಲಗೆಗಳಾಗಿ ಸೀಳುವುದಾದರೆ ಬ್ಯಾಂಡ್‌ಸಾದಲ್ಲಿ ಲೆಕ್ಕಕ್ಕೆ 30 ಹಲಗೆ ಬರುತ್ತವೆ. ಸುಮಾರು 10 ಮಿ.ಮೀ. ತಿನ್ನುವ ಚೈನ್‌ಸಾದಲ್ಲಿ 24. ಆರು ಹಲಗೆ ಹೊಟ್ಟಾಗಿ ಹಾರಿಹೋಯಿತು. ಅದೇ ದಿಮ್ಮಿಯನ್ನು ಮೇಜಿಗೆಂದು 75 ಮಿ.ಮೀ. ದಪ್ಪಕ್ಕೆ ಸೀಳಿದರೆ ಬ್ಯಾಂಡ್‌ಸಾಕ್ಕೆ 11, ಚೈನ್‌ಸಾಕ್ಕೆ 10. ವ್ಯತ್ಯಾಸ ಒಂದೇ ಒಂದು. ದಪ್ಪ ಹಾಸುಗಳನ್ನೇ ಬಯಸುವವರು ದುಬಾರಿ ಯಂತ್ರಕ್ಕೆ ದುಡ್ಡು ಸುರಿಯಬೇಕಾದ್ದಿಲ್ಲ.

ನೆಲದ ಮೇಲಿನ ಕೆಲಸ

ಮರ ಹಾಳಾಗುವುದು ಬಹುಪಾಲು ಯಂತ್ರ ಬರುವ ಮುಂಚೆ. ಬಿದ್ದ ಮರವನ್ನು ತೆರವು ಮಾಡಲು ಬಂದವರಿಗೆ ಬೇಕಾದದ್ದು ದಾರಿ. ಎರಡು ಮೂರು ಅಡಿಯ ತುಂಡು ಮಾಡಿ ಗಾಡಿಗೆ ಹಾಕುತ್ತಾರೆ. ಅಷ್ಟು ಗಿಡ್ಡ ತುಂಡಿನಿಂದ ಸ್ಟೂಲು ಬಿಟ್ಟರೆ ಹೆಚ್ಚೇನೂ ಆಗದು. ಬುಡದಿಂದ ಮೊದಲ ಕವಲಿನವರೆಗೆ ಎಂಟು ಹತ್ತು ಅಡಿಯಾದರೂ ಇಡಿಯಾಗಿ ಉಳಿಸಿಕೊಳ್ಳಬೇಕು. ಬೇಕಾದ ಹಲಗೆಗಿಂತ ಅರ್ಧ ಅಡಿ ಹೆಚ್ಚಿಗೆ ಬಿಟ್ಟು ಕತ್ತರಿಸುವುದು ವಾಡಿಕೆ, ತುದಿಯ ಬಿರುಕು ಅಷ್ಟನ್ನು ತಿಂದೇ ತಿನ್ನುತ್ತದೆ. ಕವಲನ್ನು ಸೌದೆಗೆ ಬಿಟ್ಟುಕೊಡಬಾರದು. ಎರಡು ಕೊಂಬೆಗಳ ನಾರು ಹೆಣೆದುಕೊಂಡ ಆ ಜಾಗದಲ್ಲೇ ಗರಿಯಂಥ ಚಿತ್ತಾರ ಸಿಗುವುದು. ಎರಡು ಕೊಂಬೆಯ ತಿರುಳೂ ಒಂದೇ ಸೀಳಿನಲ್ಲಿ ಬರುವಂತೆ ದಿಮ್ಮಿಯನ್ನು ಮಲಗಿಸಿದರೆ ಮಾತ್ರ ಅದು ಕಾಣುತ್ತದೆ.

ಕಡಿದ ದಿನವೇ ಎರಡೂ ತುದಿಗಳಿಗೆ ಬಣ್ಣ ಬಳಿಯಬೇಕು. ಮರದ ನೀರು ಪಕ್ಕದ ಮೈಗಿಂತ ತುದಿಯಿಂದ ಹತ್ತಾರು ಪಟ್ಟು ಬೇಗ ಹೊರಹೋಗುತ್ತದೆ. ತುದಿ ಮೊದಲು ಒಣಗಿ ಕುಗ್ಗುತ್ತದೆ, ಒಳಗು ಹಸಿಯಾಗಿಯೇ ಇರುತ್ತದೆ, ನಡುವೆ ಬಿರುಕು. ಅಮೆರಿಕದಲ್ಲಿ ಇದಕ್ಕೆಂದೇ ಮೇಣ ಬೆರೆತ ದ್ರವ ಸಿಗುತ್ತದೆ. ದಪ್ಪಗೆ ಬಳಿದ ಹಳೆಯ ಆಯಿಲ್ ಪೇಂಟೂ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ದಿಮ್ಮಿಯನ್ನು ಮಣ್ಣಿನ ಮೇಲೆ ಬಿಡದೆ ಎರಡು ಅಡ್ಡಮರಗಳ ಮೇಲೆ ನೆರಳಿನಲ್ಲಿ ಇಡಬೇಕು. ಮಾವಿನಂಥ ಮರ ಮಳೆಗಾಲದಲ್ಲಿ ಕೆಲವೇ ವಾರಗಳಲ್ಲಿ ಬೂಷ್ಟು ಹಿಡಿದು ಕಪ್ಪು ನೀಲಿಗೆ ತಿರುಗುತ್ತದೆ.

ಇನ್ನು ಮೊಳೆ. ತೊಗಟೆ ಸುಲಿದು, ಬ್ರಷ್ಷಿನಲ್ಲಿ ಮಣ್ಣು ಕಲ್ಲು ತೆಗೆದು, ಲೋಹಶೋಧಕವನ್ನು ದಿಮ್ಮಿಯ ಸುತ್ತ ಅಂಗುಲ ಅಂಗುಲ ಆಡಿಸಬೇಕು. ಕೈಯಲ್ಲಿ ಹಿಡಿಯುವ ಶೋಧಕಗಳು ಮೇಲಿನ ಕೆಲವು ಅಂಗುಲ ಮಾತ್ರ ನೋಡಬಲ್ಲವು. ಅದರಿಂದಾಚೆಗೆ ಮರವೇ ಸುಳಿವು ಕೊಡುತ್ತದೆ. ಓಕ್‌ನಂತಹ ಒಗರಿನ ಮರದಲ್ಲಿ ಕಬ್ಬಿಣ ಕೂತಿದ್ದರೆ ಅಲ್ಲಿನ ಟ್ಯಾನಿನ್ ಅದರೊಂದಿಗೆ ಸೇರಿ ಶಾಯಿಯಂಥ ಕಪ್ಪು ಕಲೆ ನಾರಿನುದ್ದಕ್ಕೂ ಹರಿಯುತ್ತದೆ. ದಿಮ್ಮಿಯ ತುದಿಯಲ್ಲಿ ನೀಲಿಗಪ್ಪು ಚುಕ್ಕೆ ಕಂಡರೆ ಅದೇ ಗೆರೆಯಲ್ಲಿ ಎಲ್ಲೋ ಒಂದು ಮೊಳೆ ಇದೆ ಎಂದೇ ಅರ್ಥ. ಆ ಚುಕ್ಕೆ ಹೊರಗಿನಿಂದ ಎಷ್ಟು ಒಳಗಿದೆ ಎಂದು ಅಳೆದರೆ ಮೊಳೆ ಎಷ್ಟು ಆಳದಲ್ಲಿದೆ ಎಂಬ ಅಂದಾಜೂ ಸಿಗುತ್ತದೆ. ಇಷ್ಟಾದರೂ ಒಂದೆರಡು ತಪ್ಪಿಸಿಕೊಳ್ಳುತ್ತವೆ. ಬಾಡಿಗೆಗೆ ಕೊಯ್ಯುವ ಅಮೆರಿಕದ ಗರಗಸದವರು, ಅಲಗಿಗೆ ಮೊಳೆ ಸಿಕ್ಕರೆ ಅಲಗಿನ ದುಡ್ಡು ಮರದ ಯಜಮಾನನದ್ದು ಎಂದು ಮೊದಲೇ ಮಾತಾಡಿಕೊಂಡಿರುತ್ತಾರೆ.

ದಿಮ್ಮಿಯ ತೂಕವನ್ನು ಕಣ್ಣಳತೆಯಲ್ಲಿ ಅಂದಾಜು ಮಾಡುವವರು ಯಾವಾಗಲೂ ಕಮ್ಮಿಯೇ ಹೇಳುತ್ತಾರೆ. 90 ಸೆಂ.ಮೀ. ದಪ್ಪ, ಮೂರು ಮೀಟರ್ ಉದ್ದದ ಹಸಿ ಓಕ್ ದಿಮ್ಮಿ ಸುಮಾರು 1.9 ಟನ್ ತೂಗುತ್ತದೆ; ಅದರಲ್ಲಿ ಮುಕ್ಕಾಲು ಟನ್ ಬರೀ ನೀರು. ಇಳಿಜಾರಿನಲ್ಲಿ ಇಂಥದ್ದು ಹೊರಳಿದರೆ ತಡೆಯುವ ಶಕ್ತಿ ಯಾರಿಗೂ ಇಲ್ಲ. ಬೆಣೆ ಕೊಡದೆ ದಿಮ್ಮಿಯ ಕೆಳಬದಿಗೆ ನಿಲ್ಲಬಾರದು ಎಂಬುದು ಈ ಕಸುಬಿನ ಮೊದಲ ನಿಯಮ.

ಅಳತೆಯ ವಿಷಯದಲ್ಲಿ ನಮ್ಮ ಮರದ ಅಡ್ಡೆಗಳಲ್ಲಿ ಇಂದಿಗೂ ನಡೆಯುವುದು ಕಾಲು ಸುತ್ತಳತೆಯ ಲೆಕ್ಕ. ನಡುಭಾಗದ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವುದು. 18ನೇ ಶತಮಾನದ ಇಂಗ್ಲಿಷ್ ಸರ್ವೆಯರ್ ಎಡ್ವರ್ಡ್ ಹಾಪಸ್ ಪ್ರಕಟಿಸಿದ ಕೋಷ್ಟಕಗಳಿಂದ ಜನಪ್ರಿಯವಾದ ಕ್ರಮ ಇದು. ಎಂಟು ಅಡಿ ಸುತ್ತಳತೆ, ಹತ್ತು ಅಡಿ ಉದ್ದದ ದಿಮ್ಮಿ ಈ ಲೆಕ್ಕದಲ್ಲಿ 40 ಘನ ಅಡಿ. ನಿಜವಾದ ಗಾತ್ರ ಸುಮಾರು 51 ಘನ ಅಡಿ. ಉಳಿದ ಹನ್ನೊಂದು ಘನ ಅಡಿ ಸಿಪ್ಪೆಕಟ್ಟು, ಹೊಟ್ಟು ಎಂದು ಕೈಬಿಟ್ಟದ್ದು. ತೆಳು ಅಲಗಿನ ಗರಗಸದವನಿಗೆ ಅದರಲ್ಲೂ ಒಂದಿಷ್ಟು ಹಲಗೆಯಾಗಿ ದಕ್ಕುತ್ತದೆ.

ಕೊಯ್ಯುವ ಬಗೆ

ಬ್ಯಾಂಡ್‌ಸಾದ ಮೇಲೆ ದಿಮ್ಮಿ ಏರಿದ ಮೇಲೆ ಮೊದಲ ಕೆಲಸ ಮಟ್ಟ ಮಾಡುವುದು. ಮರ ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ. ಎರಡೂ ತುದಿಗಳ ತಿರುಳು ಹಳಿಯಿಂದ ಒಂದೇ ಎತ್ತರಕ್ಕೆ ಬರುವ ತನಕ ಸಣ್ಣ ತುದಿಯನ್ನು ಬೆಣೆ ಕೊಟ್ಟು ಎತ್ತಬೇಕು. ಹಾಗೆ ಮಾಡದಿದ್ದರೆ ಹಲಗೆಯಲ್ಲಿ ನಾರು ಓರೆಯಾಗಿ ಓಡುತ್ತದೆ, ಕೀಸುವಾಗ ಕಿತ್ತು ಬರುತ್ತದೆ, ಭಾರ ಬಿದ್ದರೆ ಮುರಿಯುತ್ತದೆ.

ಮೇಲಿಂದ ಕೆಳಗೆ ಒಂದೇ ದಿಕ್ಕಿನಲ್ಲಿ ಸೀಳುತ್ತ ಹೋಗುವುದು ಸುಲಭದ ದಾರಿ. ಅಗಲದ ಹಲಗೆ, ಮೇಲೆ ಬೆಟ್ಟದ ಸಾಲಿನಂಥ ಚಿತ್ತಾರ. ಆದರೆ ಇಂಥ ಹಲಗೆ ಒಣಗುವಾಗ ಹೆಚ್ಚು ಕುಗ್ಗುತ್ತದೆ, ಬಟ್ಟಲಿನ ಹಾಗೆ ಬಾಗುತ್ತದೆ. ದಿಮ್ಮಿಯನ್ನು ಮೊದಲು ನಾಲ್ಕು ಹೋಳು ಮಾಡಿ ಪ್ರತಿ ಹೋಳನ್ನೂ ತಿರುಳಿನ ಕಡೆಯಿಂದ ತೊಗಟೆಯ ಕಡೆಗೆ ಸೀಳಿದರೆ ಹಲಗೆ ಕಿರಿದಾಗುತ್ತದೆ, ಶ್ರಮ ಹೆಚ್ಚುತ್ತದೆ, ಆದರೆ ಅದು ನೆಟ್ಟಗೆ ನಿಲ್ಲುತ್ತದೆ. ಓಕ್ ಮರದಲ್ಲಿ ಹೀಗೆ ಸೀಳಿದಾಗಲೇ ಬೆಳ್ಳಿಯ ಪಟ್ಟೆಗಳು ಹೊಳೆಯುವುದು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ನೆಟ್ಟ ಸಿಲ್ವರ್ ಓಕ್ ಓಕ್ ಕುಲದ್ದೇ ಅಲ್ಲದಿದ್ದರೂ ಅದರಲ್ಲೂ ಇದೇ ಪಟ್ಟೆ ಬರುತ್ತದೆ. ಪೆಟ್ಟಿಗೆಗೆ, ಪ್ಲೈವುಡ್ಡಿಗೆ ಹೋಗುವ ಆ ಮರ ಇನ್ನೂ ಮೇಲಿನ ದರ್ಜೆಯ ಕೆಲಸಕ್ಕೆ ಯೋಗ್ಯ.

ತಿರುಳನ್ನು ಹಲಗೆಯ ನಡುವೆ ಬಿಡಬಾರದು. ಅದು ಸೀಳದೆ ಇರುವುದಿಲ್ಲ. ಅದನ್ನು ದಪ್ಪ ತೊಲೆಯೊಳಗೆ ಪೂರ್ತಿ ಮುಚ್ಚಿಡಬೇಕು, ಇಲ್ಲವೇ ಕತ್ತರಿಸಿ ತೆಗೆಯಬೇಕು.

ದೊಡ್ಡ ಮರದೊಳಗೆ ಒತ್ತಡವೂ ಇರುತ್ತದೆ. ನಿಂತಿದ್ದಷ್ಟು ಕಾಲ ಹೊರಪದರ ಎಳೆಯುತ್ತಿರುತ್ತದೆ, ಒಳಗಿನದು ಒತ್ತುತ್ತಿರುತ್ತದೆ. ಸೀಳಿದೊಡನೆ ಆ ಸಮತೋಲ ತಪ್ಪಿ ಹಲಗೆ ಬಿಲ್ಲಾಗುತ್ತದೆ. ನೀಲಗಿರಿಯಲ್ಲಿ ಇದು ಅತಿ. ನಂದಿಬೆಟ್ಟದ ಮೂಲದ ‘ಮೈಸೂರು ಗಮ್’ ನಾಟಾವನ್ನು ಕೊಯ್ದವರಿಗೆ ಇದು ಗೊತ್ತಿರುವ ವಿಷಯ: ಗರಗಸ ಅರ್ಧ ದಾರಿ ಹೋಗುವಷ್ಟರಲ್ಲೇ ಎರಡೂ ಹೋಳುಗಳು ಬಾಯಿ ಬಿಟ್ಟುಕೊಳ್ಳುತ್ತವೆ. ಒಂದೇ ಬದಿಯಿಂದ ಕೊಯ್ಯುತ್ತ ಹೋಗದೆ, ಒಂದೆರಡು ಹಲಗೆ ತೆಗೆದು ದಿಮ್ಮಿಯನ್ನು ಎದುರು ಬದಿಗೆ ಹೊರಳಿಸಿ ಅಲ್ಲೂ ಅಷ್ಟೇ ತೆಗೆಯುವುದು ಇದಕ್ಕಿರುವ ಉಪಾಯ. ಬಾಗಿ ಬೆಳೆದ ಮರ, ಅಡ್ಡ ಕೊಂಬೆ ಇವುಗಳಿಂದ ನೇರ ಹಲಗೆ ನಿರೀಕ್ಷಿಸುವುದೇ ತಪ್ಪು.

ಅಲಗಿನ ಸ್ಥಿತಿಯನ್ನು ಹೊಟ್ಟೇ ಹೇಳುತ್ತದೆ. ಹರಿತವಾಗಿದ್ದಾಗ ತರಿತರಿಯಾದ ಹೊಟ್ಟು ಉದುರುತ್ತದೆ. ಮೊಂಡಾದಾಗ ಹಿಟ್ಟಿನಂಥ ಪುಡಿ, ಜತೆಗೆ ಸುಟ್ಟ ವಾಸನೆ. ಮೊಂಡು ಅಲಗು ಗಂಟು ಬಂದಲ್ಲಿ ಮೇಲೇರಿ, ದಾಟಿದ ಮೇಲೆ ಕೆಳಗಿಳಿಯುತ್ತದೆ, ಹಲಗೆಯ ಮೈ ಅಲೆಅಲೆಯಾಗುತ್ತದೆ. ಒಣಗಿದ ಗಟ್ಟಿ ಮರಕ್ಕೆ ಹಲ್ಲಿನ ಮುಂಬಾಗು ಕಡಿಮೆ ಇರುವ ಅಲಗು ಬೇಕು: ಸಾಮಾನ್ಯ ಅಲಗಿನಲ್ಲಿ 10 ಡಿಗ್ರಿ ಇದ್ದರೆ ಇದರಲ್ಲಿ 4 ಡಿಗ್ರಿ. ಅಂಟು ಹಿಡಿಯದಿರಲೆಂದು ಅಲಗಿನ ಮೇಲೆ ಸೋಪು ಬೆರೆಸಿದ ನೀರು ತೊಟ್ಟಿಕ್ಕುತ್ತಿರುತ್ತದೆ. ಗಟ್ಟಿ ಮರದಲ್ಲಿ ಒಂದೆರಡು ಗಂಟೆಗೊಮ್ಮೆ ಅಲಗು ಬದಲಿಸಬೇಕಾಗುತ್ತದೆ. ಅದಕ್ಕೆ ಬೇಸರಪಟ್ಟು ಇನ್ನೊಂದು ಹಲಗೆ ಆಗಲಿ ಎಂದು ಮುಂದುವರಿಸುವವರ ರಾಶಿಯಲ್ಲಿ ಕೊನೆಯ ನಾಲ್ಕು ಹಲಗೆ ಯಾವಾಗಲೂ ಕೆಟ್ಟಿರುತ್ತವೆ.

ದಪ್ಪ ಹಾಸುಗಳಿಗೆ ಇಂದು ಇರುವ ಬೇಡಿಕೆಯ ಹಿಂದೆ ಜಾರ್ಜ್ ನಕಾಶಿಮಾ ಎಂಬ ಜಪಾನಿ ಮೂಲದ ಅಮೆರಿಕನ್ ಮರಗೆಲಸಗಾರನ ಪ್ರಭಾವವಿದೆ. 1930ರ ದಶಕದಲ್ಲಿ ಆತ ಪಾಂಡಿಚೇರಿಯ ಅರವಿಂದಾಶ್ರಮದಲ್ಲಿ ಗೋಲ್ಕೊಂಡ ಎಂಬ ವಸತಿಗೃಹದ ನಿರ್ಮಾಣಕ್ಕೆ ದುಡಿದ ವಾಸ್ತುಶಿಲ್ಪಿ. ಮುಂದೆ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿ, ದೊಡ್ಡ ವಾಲ್‌ನಟ್ ದಿಮ್ಮಿಗಳನ್ನು ಎಲ್ಲಿ ಎಷ್ಟು ದಪ್ಪಕ್ಕೆ ಸೀಳಬೇಕೆಂದು ಗರಗಸದ ಪಕ್ಕದಲ್ಲಿ ನಿಂತು ತಾನೇ ಹೇಳುತ್ತಿದ್ದ. ತೊಗಟೆಯಂಚನ್ನು ಕತ್ತರಿಸದೆ, ಬಿರುಕಿಗೆ ಚಿಟ್ಟೆಯಾಕಾರದ ಬೆಸುಗೆ ಕೂರಿಸಿ ಮಾಡಿದ ಅವನ ಮೇಜುಗಳನ್ನು ನೋಡಿಯೇ ಬಿರುಕಿನ ಮರಕ್ಕೂ ಬೆಲೆ ಬಂತು. ನಮ್ಮ ಊರುಗಳಲ್ಲಿ ಬೀಳುವ ಮಳೆಮರಕ್ಕೆ ಈ ಬಗೆಯ ಕೆಲಸ ಚೆನ್ನಾಗಿ ಒಗ್ಗುತ್ತದೆ. ಹಸಿಯಿಂದ ಪೂರ್ತಿ ಒಣಗುವವರೆಗೆ ಅದರ ಅಡ್ಡ ಕುಗ್ಗುವಿಕೆ ಶೇ 3.4ರಷ್ಟು ಮಾತ್ರ, ಬಿಳಿ ಓಕ್‌ನದ್ದು ಶೇ 10.5, ತೇಗದ್ದು ಶೇ 6ರ ಆಸುಪಾಸು.

ಒಣಗಿಸುವ ತಾಳ್ಮೆ

ಕೊಯ್ದ ದಿನ ಹಲಗೆ ನೆಟ್ಟಗೇ ಇರುತ್ತದೆ. ಅದನ್ನು ನಂಬಬಾರದು. ಮರದಲ್ಲಿನ ನೀರಿನಂಶ ಶೇ 30ಕ್ಕೆ ಇಳಿಯುವವರೆಗೆ ಹೋಗುವುದು ಕೋಶಗಳ ಪೊಳ್ಳಿನಲ್ಲಿದ್ದ ನೀರು. ಅಲ್ಲಿಯ ತನಕ ಮರ ಕುಗ್ಗುವುದಿಲ್ಲ. ಅಲ್ಲಿಂದ ಕೆಳಗೆ ಕೋಶದ ಗೋಡೆಯೇ ಒಣಗತೊಡಗುತ್ತದೆ, ಆಟ ಶುರುವಾಗುತ್ತದೆ. ಒಂದಡಿ ಅಗಲದ ಬಿಳಿ ಓಕ್ ಹಲಗೆ ಅಮೆರಿಕದ ಚಳಿಗಾಲದ ಮನೆಯೊಳಗಿನ ಶೇ 8ಕ್ಕೆ ಬರುವಷ್ಟರಲ್ಲಿ ಎರಡು ಸೆಂ.ಮೀ.ಗೂ ಹೆಚ್ಚು ಕಿರಿದಾಗಿರುತ್ತದೆ. ಆದ್ದರಿಂದಲೇ ಹಸಿ ಮರವನ್ನು ಬೇಕಾದ ಅಳತೆಗಿಂತ ದಪ್ಪವಾಗಿ ಕೊಯ್ಯುವುದು.

ಹಲಗೆಗಳನ್ನು ನೆಲದಿಂದ ಒಂದಡಿ ಎತ್ತರದ ಮಟ್ಟಸ ಅಡಿಪಾಯದ ಮೇಲೆ ಅಟ್ಟಿ ಕಟ್ಟಬೇಕು. ಎರಡು ಹಲಗೆಗಳ ನಡುವೆ ಒಂದಂಗುಲದ ಒಣ ಪಟ್ಟಿಗಳು, ಒಂದೂವರೆ ಎರಡು ಅಡಿಗೊಂದರಂತೆ. ಕೆಳಗಿನ ಪಟ್ಟಿಯ ನೇರಕ್ಕೇ ಮೇಲಿನದೂ ಬರಬೇಕು. ಒಂದು ಪಕ್ಕಕ್ಕೆ ಸರಿದರೂ ಅದರ ಮೇಲಿನ ಭಾರವೆಲ್ಲ ಹಲಗೆಯನ್ನು ಅಲ್ಲಿ ಬಾಗಿಸುತ್ತದೆ. ಹಸಿ ಪಟ್ಟಿ ಇಟ್ಟರೆ ಕಲೆ ಉಳಿಯುತ್ತದೆ. ಅಟ್ಟಿಯ ಮೇಲೆ ಕಲ್ಲು, ತಗಡು. ಬಯಲುಸೀಮೆಯ ಬಿಸಿಗಾಳಿಯಲ್ಲಿ ಪಕ್ಕಗಳಿಗೆ ಗೋಣಿ ಇಲ್ಲವೇ ನೆರಳುಬಲೆ ಕಟ್ಟಿ ಒಣಗುವುದನ್ನು ತಡಮಾಡಬೇಕಾಗುತ್ತದೆ. ಕರಾವಳಿಯ ಮಳೆಗಾಲದಲ್ಲಿ ಇದಕ್ಕೆ ತದ್ವಿರುದ್ಧ, ಗಾಳಿಯಾಡದಿದ್ದರೆ ಬೂಷ್ಟು. ಒಂದಂಗುಲ ದಪ್ಪಕ್ಕೆ ಒಂದು ವರ್ಷ ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಅದು ಅಂದಾಜಷ್ಟೆ: ಹಗುರ ಮರ ತಿಂಗಳುಗಳಲ್ಲಿ ಒಣಗುತ್ತದೆ, ಮೂರಂಗುಲದ ಓಕ್ ಹಾಸು ಮೂರು ವರ್ಷಕ್ಕೂ ಒಣಗದಿರಬಹುದು. ತೇವಮಾಪಕದಿಂದ ನೋಡುವುದೇ ಸರಿಯಾದ ದಾರಿ. ಅವಸರದಲ್ಲಿ, ಬಿಸಿ ಕೊಟ್ಟು ಒಣಗಿಸುವ ಕಿಲ್ನ್‌ಗೆ ತುಂಬಿದ ದಪ್ಪ ಓಕ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಜೇನುಗೂಡಾಗಿರುತ್ತದೆ. ಅದು ತಿಳಿಯುವುದು ಮೇಜಿಗೆಂದು ಕತ್ತರಿಸಿದಾಗ.

ಉಳಿದದ್ದು ಕುಟ್ಟೆ ಹುಳ. ಕೆಚ್ಚನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಪಿಷ್ಟ ತುಂಬಿದ ಹೊರಗಿನ ಬಿಳಿ ಭಾಗವೇ ಅದರ ಆಹಾರ. ಹಸಿಯಿರುವಾಗಲೇ ಬೊರ್ಯಾಕ್ಸ್, ಬೋರಿಕ್ ಆಮ್ಲದ ದ್ರಾವಣ ಕುಡಿಸಿದರೆ ತಡೆಯಬಹುದು. ರಬ್ಬರ್ ಮರ ಪೀಠೋಪಕರಣಕ್ಕೆ ಬಂದದ್ದು ಈ ಉಪಚಾರದಿಂದಲೇ. ಇಲ್ಲವೇ ಮರದ ನಡುಭಾಗ 56 ಡಿಗ್ರಿ ಸೆಲ್ಸಿಯಸ್‌ಗೆ ಬಂದು ಅರ್ಧ ಗಂಟೆಯಾದರೂ ನಿಲ್ಲುವಂತೆ ಕಾಯಿಸಬೇಕು. ಮರದ ಪ್ಯಾಕಿಂಗ್ ಪೆಟ್ಟಿಗೆಗಳ ಅಂತರರಾಷ್ಟ್ರೀಯ ಸಾಗಾಟಕ್ಕೆ ಇರುವ ನಿಯಮವೂ ಇದೇ.

ಕರ್ನಾಟಕದಲ್ಲಿ ಈ ಯಂತ್ರಕ್ಕೆ ಎದುರಾಗುವ ದೊಡ್ಡ ತೊಡಕು ಕಾನೂನಿನದ್ದು. ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ತೇಗ, ಬೀಟೆಯಂಥವನ್ನು ಸಾಗಿಸಲು ಅರಣ್ಯ ಇಲಾಖೆಯ ರಹದಾರಿ ಬೇಕು. ಸಾಮಿಲ್‌ಗಳ ಮೇಲಿನ ಬಿಗಿ ನಿಯಂತ್ರಣ ಕಾಡಿನ ರಕ್ಷಣೆಗಾಗಿ ಹೂಡಿದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರಿನಲ್ಲಿ ಕೊಟ್ಟ ಆದೇಶದಿಂದ ಶುರುವಾದದ್ದು. ಈಗ ಪರವಾನಗಿ ನಡೆಯುವುದು ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯಂತೆ, ರಾಜ್ಯಮಟ್ಟದ ಸಮಿತಿಯ ಮೂಲಕ. ಗಾಲಿ ಇದೆ ಎಂಬ ಕಾರಣಕ್ಕೆ ಗರಗಸ ಈ ನಿಯಮಗಳಿಂದ ತಪ್ಪಿಸಿಕೊಳ್ಳುತ್ತದೆ ಎಂದುಕೊಳ್ಳಬಾರದು. ಅಂಗಳದಲ್ಲಿ ದೊಡ್ಡ ಮರ ಬಿದ್ದವರು ಗರಗಸದವರಿಗೆ ಹೇಳಿಕಳಿಸುವ ಮೊದಲು ವಲಯ ಅರಣ್ಯಾಧಿಕಾರಿಯ ಕಚೇರಿಗೆ ಅರ್ಜಿ ಕೊಡಲಿ. ಉತ್ತರ ಬರುವ ತನಕ ದಿಮ್ಮಿ ತುಂಡಾಗದೆ, ತುದಿಗೆ ಬಣ್ಣ ಬಳಿದುಕೊಂಡು ನೆರಳಿನಲ್ಲಿ ಬಿದ್ದಿರಲಿ.